ಹಸಿ ಬಣ್ಣದ ಜಾಳಿಗೆ

ಕಸ್ತೂರವ್ವ, ನಿಮ್ಮ ಬಲಗೈ ಹೋದದ್ದು ನಿಮ್ಮದೇ ತಪ್ಪಿನಿಂದ ಎಂದು ಸರ್ಕಾರಿ ವರದಿಯಲ್ಲಿ ಬರೆದವನು ನಾನು. ಅದು ಸುಳ್ಳೆಂದು ಬರೆಯುವಾಗಲೇ ನನಗೆ ಗೊತ್ತಿತ್ತು.

ಹನ್ನೊಂದು ವರ್ಷದ ಹಿಂದಿನ ಮಾತು. ಆಗ ನಾನು ಕಾರ್ಖಾನೆಗಳ ಅಪಘಾತ ತನಿಖೆ ಮಾಡುವ ಇನ್ಸ್‌ಪೆಕ್ಟರ್. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ — ನಾಲ್ಕು ತಾಲ್ಲೂಕು, ಒಂದೇ ಜೀಪು. ಯಾರ ಬೆರಳು ಹೋದರೂ, ಯಾರ ಜೀವ ಹೋದರೂ ಅದೇ ಜೀಪು ಹೋಗಬೇಕು. ಹೀಗಾಗಿ ನಾನೊಂದು ಪದ್ಧತಿ ತಂದೆ: ಅಪಘಾತವಾದ ಕೂಡಲೇ ಓಡುವುದು ಬೇಡ, ನಾಲ್ಕೂ ತಾಲ್ಲೂಕಿನ ಪ್ರಕರಣಗಳು ಕೂಡಿದ ಮೇಲೆ ಒಂದೇ ಸಲ ಹೊರಡೋಣ. ಕಚೇರಿಯಲ್ಲಿ ಇದಕ್ಕೆ 'ಸುತ್ತು ಕಟ್ಟುವುದು' ಎನ್ನುತ್ತಿದ್ದೆವು. ಡೀಸೆಲ್ ಉಳಿಯಿತೆಂದು ಮೇಲಿನವರು ಬೆನ್ನು ಚಪ್ಪರಿಸಿದರು. ಜಾಣ ಎಂದು ಯಾರು ಅಂದರೂ ಹಿಗ್ಗುವ ಸ್ವಭಾವ ನನ್ನದು. ಹಿಗ್ಗಿದೆ.

ಸಿಂದಗಿಯ ಬೇಳೆ ಮಿಲ್ಲಿನಲ್ಲಿ ಯಂತ್ರ ತಿರುಗಿಸುವ ಪಟ್ಟಾಕ್ಕೆ ನಿಮ್ಮ ಕೈ ಸಿಕ್ಕ ಸುದ್ದಿ ಮರುದಿನವೇ ನನ್ನ ಮೇಜಿನ ಮೇಲಿತ್ತು. ಸುತ್ತು ಕಟ್ಟಲು ಮುದ್ದೇಬಿಹಾಳದ ಕಡೆಯದೊಂದು ಪ್ರಕರಣ ಇನ್ನೂ ಬೇಕಿತ್ತು — ಬರೆಯಲು ನಾಚಿಕೆಯಾಗುತ್ತದೆ — ಇನ್ನೊಬ್ಬರಿಗೆ ಪೆಟ್ಟಾಗಲಿ ಎಂದು ಕಾದಂತೆಯೇ ಆಯಿತಲ್ಲ. ಮಿಲ್ಲಿಗೆ ಬಂದದ್ದು ಇಪ್ಪತ್ಮೂರನೆಯ ದಿನ.

ಕೈ ಸಿಗದಂತೆ ಪಟ್ಟಾಕ್ಕೆ ಅಡ್ಡಲಾಗಿ ಕಬ್ಬಿಣದ ಜಾಳಿಗೆ ಇತ್ತು. ಮುಟ್ಟಿದೆ. ಹಸಿರು ಬಣ್ಣ ಬೆರಳಿಗೆ ಹತ್ತಿತು. ಮಾಲೀಕರು ಫೋನಿನಲ್ಲಿ ಮಾತಾಡುತ್ತ ಆಚೆ ಹೋದದ್ದು ನೋಡಿ, ಚೀಲ ಹೊರುವ ಮುದುಕನೊಬ್ಬ ಹತ್ತಿರ ಬಂದ.

"ಸಾಹೇಬ್ರ, ಈ ಜಾಳಿಗಿ ಮೊನ್ನಿ ಸೋಮವಾರ ಕೂಡ್ಸ್ಯಾರ್ರಿ. ಕಸ್ತೂರವ್ವನ ಕೈ ಹೋದಾಗ ಏನೂ ಇರಲಿಲ್ರಿ."

"ಬರ್ಕೊಂತೇನಿ, ನಡಿ ನೀ," ಎಂದೆ. ಕರವಸ್ತ್ರದಿಂದ ಬೆರಳು ಒರೆಸಿಕೊಂಡೆ.

ಬರೆಯಲಿಲ್ಲ. ಜಾಳಿಗೆ ಹೊಸದು ಎಂದು ಬರೆದರೆ ಇಪ್ಪತ್ಮೂರು ದಿನ ನೀನೆಲ್ಲಿದ್ದೆ ಎಂದು ಕೇಳುತ್ತಿದ್ದರು. ಆದ್ದರಿಂದ ಮೂರನೆಯ ದಿನವೇ ಬಂದಂತೆ ತಾರೀಖು ಹಾಕಿದೆ. ಮೂರನೆಯ ದಿನ ಜಾಳಿಗೆ ಇರಲಿಲ್ಲವೆಂದರೆ ಅಂದೇ ಯಂತ್ರ ನಿಲ್ಲಿಸಿ ನೋಟಿಸು ಕೊಡಬೇಕಿತ್ತು — ಕೊಟ್ಟಿರಲಿಲ್ಲ. ಹಾಗಾಗಿ ಜಾಳಿಗೆ ಇತ್ತು ಎಂದೆ. ಇದ್ದ ಮೇಲೆ ಕೈ ಒಳಗೆ ಹೋದದ್ದು ಹೇಗೆ? ನೀವೇ ಅದನ್ನು ಸರಿಸಿ ಕೈ ಹಾಕಿದಿರಿ ಎಂದೆ. ಒಂದು ತಾರೀಖು ಮುಚ್ಚಿಕೊಳ್ಳಲು... ಆಸ್ಪತ್ರೆಯಲ್ಲಿದ್ದ ನಿಮ್ಮ ಹೇಳಿಕೆ ಪಡೆಯಲೂ ಹೋಗಲಿಲ್ಲ. ನನ್ನ ವರದಿಯ ಮೇಲೆಯೇ ನಿಮ್ಮ ಪರಿಹಾರದ ಅರ್ಜಿ ವಜಾ ಆಯಿತು. ಲಂಚ ತಿಂದು ಬರೆದದ್ದಲ್ಲ ಎಂದು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡೆ, ಅದೇ ಒಂದು ದೊಡ್ಡಸ್ತಿಕೆ ಎಂಬಂತೆ.

ನಿವೃತ್ತನಾದೆ. ಹೋದ ತಿಂಗಳು ನನ್ನ ಹಳೆಯ ಕುರ್ಚಿಯಲ್ಲಿ ಕುಳಿತಿರುವ ಹೊಸ ಅಧಿಕಾರಿ, ಚಿಕ್ಕ ವಯಸ್ಸಿನ ಹೆಣ್ಣುಮಗಳು, ಫೋನು ಮಾಡಿದರು. "ಸರ್, ತನಿಖೆ ಯಾಕ ಇಷ್ಟು ತಡ ಆಗತಾವ, ಹೆಂಗ ಸುಧಾರಿಸಬೇಕು — ನೀವು ಅನುಭವಸ್ಥರು, ನಾಕ ಮಾತು ಬರದು ಕೊಡ್ರಿ."

'ಮೊದಲು ಸುತ್ತು ಕಟ್ಟುವುದನ್ನು ನಿಲ್ಲಿಸಿ' ಎಂದು ಬರೆದೆ. ಯಾಕೆ ಎಂಬುದು ಮುಂದಿನ ಸಾಲು. ಆ ಸಾಲು ಬರೆಯಲಾಗಲಿಲ್ಲ. ಮರುದಿನ ನಿಮ್ಮ ಊರು ಯಂಕಂಚಿಯ ಬಸ್ಸು ಹತ್ತಿದೆ.

ನಿಮ್ಮ ಮನೆಯಲ್ಲಿ, ಹಳೆಯ ಸರ್ಕಾರಿ ನೌಕರ ಎಂದಷ್ಟೇ ನನ್ನ ಪರಿಚಯ ಹೇಳಿಕೊಂಡೆ. ನೀವು ನೀರಿನ ತಂಬಿಗೆ ಚಾಚಿದಿರಿ. "ಎಡಗೈಲೆ ಕೊಡಾಕತ್ತೇನ್ರಿ, ತಪ್ಪ ತಿಳೀಬ್ಯಾಡ್ರಿ." ಕೈ ಹೇಗೆ ಹೋಯಿತೆಂದು ಕೇಳಿದೆ — ಕೇಳಲು ಬಾಯಾದರೂ ಹೇಗೆ ಬಂತೋ.

"ಜಾಳಿಗಿ ಇತ್ತಂತ್ರಿ. ನಾನಽ ಸರಿಸಿ ಕೈ ಹಾಕೇನಂತ. ಆ ಯಂತ್ರದ ಕಡೆ ಅವತ್ತಽ ಮೊದಲ ಸಲ ಹೋಗಿದ್ನಿ, ನನಗ ನೆನಪಿಲ್ರಿ. ಸರಕಾರದವ್ರು ಬಂದು ನೋಡಿ ಬರದಾರಂದ್ಮ್ಯಾಗ ಖರೇನಽ ಇರಬೇಕು. ನನ್ನಂಗ ಮೈ ಮರೀಬ್ಯಾಡ ಅಂತ ಮಗಳಿಗೆ ದಿನಾ ಹೇಳತೇನ್ರಿ."

ನೀರು ಕುಡಿದು ಎದ್ದು ಬಂದೆ. ಆಗಲೂ ಹೇಳಲಿಲ್ಲ.

ದಣಿದಿದ್ದೇನೆ, ಕಸ್ತೂರವ್ವ. ನನ್ನ ದಣಿವಿನಿಂದ ನಿಮಗೇನೂ ಆಗಬೇಕಾದ್ದಿಲ್ಲ. ನಡೆದದ್ದನ್ನೆಲ್ಲ ನಿಜವಾದ ತಾರೀಖಿನೊಂದಿಗೆ ಬರೆದು, ಸಹಿ ಹಾಕಿ, ಆ ಅಧಿಕಾರಿಗೂ ನಿಮ್ಮ ಅರ್ಜಿ ವಜಾ ಮಾಡಿದ ಕೋರ್ಟಿಗೂ ಇವತ್ತು ರಿಜಿಸ್ಟರ್ ಟಪಾಲು ಮಾಡಿದ್ದೇನೆ. ಪ್ರಕರಣ ಮತ್ತೆ ತೆರೆಯುತ್ತದೋ, ನನ್ನ ಮೇಲೇ ಹೊಸ ಪ್ರಕರಣ ಬರುತ್ತದೋ — ಬರಲಿ. ಯಾರು ಕರೆದರೂ ಹೋಗಿ ಇದನ್ನೇ ಹೇಳುತ್ತೇನೆ.

ಈ ಪತ್ರ ನಿಮ್ಮ ಮಗಳು ಗಟ್ಟಿಯಾಗಿ ಓದಲಿ. ದಿನಾ ಅವಳಿಗೆ ಹೇಳುವ ಆ ಮಾತನ್ನು ಇವತ್ತಿಗೆ ನಿಲ್ಲಿಸಿಬಿಡಿ. ನೀವು ಮೈ ಮರೆತಿರಲಿಲ್ಲ. ಜಾಳಿಗೆ ಇರಲಿಲ್ಲ.