ಭಾವನ ಹಸಿರು ಉರಿ

ಮೊನ್ನೆ ಸವಳಂಗ ರಸ್ತೆಯಲ್ಲಿ ನಡೆದು ಬರುವಾಗ ಫ್ರಿಜ್ ರಿಪೇರಿ ಅಂಗಡಿಯೊಂದರಿಂದ ತಾಮ್ರ ಕಾಯಿಸಿದ ವಾಸನೆ ಬಂತು. ನಿಮಗೂ ಹೀಗಾಗಿರಬಹುದು: ಮೂಗಿಗೆ ಬಡಿದದ್ದು ಒಂದು, ಕಣ್ಣೆದುರು ನಿಂತದ್ದು ಇನ್ನೊಂದು. ನನಗೆ ಭದ್ರಾವತಿಯ ಭಾವ ಕಂಡರು.

ಭಾವ ಎಂದರೆ ಅಕ್ಕನ ಗಂಡ. ಕಾರ್ಖಾನೆಯ ಕೆಲಸ ಹೋದ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಫ್ರಿಜ್ ರಿಪೇರಿ ಶುರುಮಾಡಿದ್ದರು. ಬಲ್ಬ್ ಬದಲಿಸಲೂ ಹೆದರುವ ನಾನು, ರಜೆಗೆ ಹೋದಾಗಲೆಲ್ಲ ಬಾಗಿಲಲ್ಲಿ ಕೂತು ದೊಡ್ಡ ತಜ್ಞನಂತೆ ನೋಡುತ್ತಿದ್ದೆ. ಗ್ಯಾಸ್ ಎಲ್ಲಿ ಸೋರುತ್ತಿದೆಯೆಂದು ಹುಡುಕಲು ಅವರಲ್ಲೊಂದು ಸಣ್ಣ ದೀಪವಿತ್ತು. ಅದರ ಉರಿಯನ್ನು ಕೊಳವೆಯುದ್ದಕ್ಕೂ ಸರಿಸುತ್ತಾ ಹೋಗುವರು; ಸೋರುವಲ್ಲಿ ಉರಿ ಹಸಿರಾಗುತ್ತಿತ್ತು. ಆಗಿನ ಫ್ರಿಜ್ ಗ್ಯಾಸಿಗೆ ಬೆಂಕಿ ಹತ್ತುತ್ತಿರಲಿಲ್ಲ. “ಸಿಕ್ತು!” ಎನ್ನುವಾಗ ಅವರ ಮುಖ ಮಕ್ಕಳ ಮುಖದಂತಾಗುತ್ತಿತ್ತು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಹೊಸ ಗ್ಯಾಸಿನ ತರಬೇತಿಗೆ ಹೋಗಿಬಂದರು. ಅಂದು ಊಟ ಮುಗಿಸಿ ಕೈ ತೊಳೆದ ಮೇಲೆ ಹೇಳಿದರು: “ಹಳೇ ಗ್ಯಾಸ್ ಮೇಲೆ ಹೋಗಿ ಓಝೋನ್ ಪದರ ತಿನ್ನುತ್ತಂತೆ ಮಾರಾಯ. ನಾನು ಎಷ್ಟು ವರ್ಷದಿಂದ ಅದನ್ನ ಸುಮ್ನೆ ಗಾಳಿಗೆ ಬಿಟ್ಟಿದೀನಿ!”

“ಎಲ್ಲರೂ ಬಿಟ್ಟಿದಾರೆ ಭಾವ.”

“ಎಲ್ಲರ ವಿಷಯ ನಂಗ್ಯಾಕೆ?”

ಹೊಸದರಿಂದ ಆಕಾಶಕ್ಕೆ ಆ ಕೇಡಿಲ್ಲ. ಆದರೆ ಅದು ಅಡುಗೆ ಗ್ಯಾಸಿನ ಜಾತಿಯದು, ಕಿಡಿ ಸೋಕಿದರೆ ಹೊತ್ತಿಕೊಳ್ಳುತ್ತದೆ. ಸೋರಿಕೆ ನೋಡಲು ಸೋಪಿನ ನೀರು ಹಚ್ಚಬೇಕು. ಭಾವ ಬಹಳ ಕಾಲ ಹಾಗೇ ಮಾಡಿದರು. ಒಂದು ಮಧ್ಯಾಹ್ನ ಯಾರದೋ ಮನೆಯ ಫ್ರಿಜ್, ಅವಸರದ ಕೆಲಸ. ಕೈ ತನ್ನಷ್ಟಕ್ಕೆ ಹಳೆಯ ದೀಪ ಹಚ್ಚಿತು. ಗ್ಯಾಸ್ ಭಗ್ಗೆಂದು ಹೊತ್ತಿಕೊಂಡಿತು.

ಆಸ್ಪತ್ರೆಯಲ್ಲಿ ಅವರ ಎರಡೂ ಕೈಗೆ ಬ್ಯಾಂಡೇಜು. ಅಕ್ಕ ಗಂಜಿ ಕುಡಿಸುತ್ತಾ ಅತ್ತಳು. “ಆಕಾಶ ಕಾಯೋಕೆ ನೀವೇ ಆಗಬೇಕಿತ್ತಾ? ಹಳೇದರಲ್ಲೇ ಇದ್ದಿದ್ರೆ...”

“ಗ್ಯಾಸಿಂದೇನೂ ತಪ್ಪಿಲ್ಲ ಕಣೇ. ತರಬೇತೀಲಿ ಸರಿಯಾಗೇ ಹೇಳಿಕೊಟ್ಟಿದ್ರು. ತಲೆ ಕಲೀತು, ಕೈ ಕಲೀಲಿಲ್ಲ.”

ಬೆರಳುಗಳನ್ನು ಮತ್ತೆ ಮಡಚಲಾಗಲಿಲ್ಲ. ರಿಪೇರಿ ನಿಂತಿತು. ಅವರು ಬದುಕಿದ್ದಷ್ಟು ಕಾಲ ಅಕ್ಕನೇ ಉಣಿಸಿದಳು. ‘ಹಳೇದರಲ್ಲೇ ಇದ್ದಿದ್ರೆ’ ಎಂಬ ಮಾತನ್ನು ಇನ್ನೊಮ್ಮೆ ಎತ್ತಲಿಲ್ಲ. ತೀರಿಕೊಂಡ ದಿನ ಮಾತ್ರ ಆ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡವಳು ಯಾರು ಹೇಳಿದರೂ ಬಿಡಲಿಲ್ಲ.

ಅಂದಿನಿಂದ ಈ ವಾಸನೆ ಎಲ್ಲಿ ಬಂದರೂ ರಸ್ತೆ ದಾಟಿ ಆಚೆ ಬದಿಗೆ ಹೋಗಿಬಿಡುತ್ತಿದ್ದೆ. ಮೊನ್ನೆ ಯಾಕೋ ಆ ಅಂಗಡಿಯ ಬಾಗಿಲಲ್ಲೇ ನಿಂತೆ. ಮೆಕ್ಯಾನಿಕ್ ತಲೆಯೆತ್ತಿ, “ಏನ್ ಸಾರ್, ಫ್ರಿಜ್ ಕೆಟ್ಟಿದೆಯಾ?” ಎಂದ.

“ಇಲ್ಲಪ್ಪ. ನಮ್ಮ ಭಾವ ಇದೇ ಕೆಲಸ ಮಾಡ್ತಿದ್ರು.”

“ಈಗ ಬಿಟ್ರಾ?”

ಹೌದೆಂದು ತಲೆಯಾಡಿಸಿದೆ. ಅವನು ಒಂದು ಸ್ಟೂಲನ್ನು ನನ್ನ ಕಡೆ ತಳ್ಳಿದ. ಕೂತೆ. ಅವನ ಕೆಲಸ ಮುಗಿಯುವವರೆಗೂ ಎದ್ದುಬರಲಿಲ್ಲ.