ಹಿಂದೆ ಬರುವವನು

ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಗುಲ್ಷನಳ ಝೆರಾಕ್ಸ್ ಅಂಗಡಿ ಇದೆ. ಮೊದಲು ಅದು ಅವಳ ಅಣ್ಣ ಅಕ್ರಮನ ಸೈಬರ್ ಕೆಫೆಯಾಗಿತ್ತು. ಪ್ಲೈವುಡ್ಡಿನ ಅಡ್ಡಗೋಡೆಗಳ ನಡುವೆ ಕಂಪ್ಯೂಟರುಗಳು, ಸಂಜೆಯಾದರೆ ಆಟವಾಡಲು ಬಂದವರ ಗದ್ದಲ.

ಅಕ್ರಮ ಒಮ್ಮೆ ಹುಬ್ಬಳ್ಳಿಯಿಂದ ಒಂದು ಆಟದ ಸಿ.ಡಿ. ತಂದಿದ್ದ. ಅದರ ಇಂಗ್ಲಿಷ್ ಹೆಸರು ಯಾರ ನಾಲಿಗೆಯಲ್ಲೂ ಹೊರಳದೆ, ಅಂಗಡಿಯಲ್ಲಿ ಅದು ‘ಬೂದಿದಾರಿ’ ಆಯಿತು. ಆಡುವವರು ಸುಟ್ಟುಹೋದ ರಾಜ್ಯವೊಂದರಲ್ಲಿ ನಡೆಯುವ ಪ್ರಯಾಣಿಕರಾಗಬೇಕು. ಜೊತೆಗಾರರನ್ನು ಆರಿಸಿ ತಾವೇ ಹೆಸರಿಡಬೇಕು. ಜೊತೆಗಾರ ಸತ್ತರೆ ಮಾಯವಾಗುತ್ತಿರಲಿಲ್ಲ. ದೂರದಲ್ಲಿ ಹಿಂದೆ ಹಿಂದೆ ನಡೆದು ಬರುತ್ತಿದ್ದ. ಮಾತಿಲ್ಲ, ಕೈಚಾಚಿ ನೆರವೂ ಇಲ್ಲ. ಆಟ ತಯಾರಿಸಿದವರೇ ಎಡವಿದ್ದಾರೆಂದು ಎಲ್ಲರೂ ಬೇಸತ್ತು ಬಿಟ್ಟರು. ಬೇರೆಡೆಯೂ ಅದು ಓಡಲಿಲ್ಲವಂತೆ. ಅಕ್ರಮನೊಬ್ಬ ಮಾತ್ರ ಅದನ್ನು ಬೇಕೆಂದೇ ಹಾಗೆ ಮಾಡಿದ್ದಾರೆಂದು ವಾದಿಸುತ್ತಿದ್ದ. ಕಾಲೇಜು ಮುಗಿಸಿ ಬಂದು ಅವನ ಪಕ್ಕ ಕೂತು ಆಡುತ್ತಿದ್ದ ಗುಲ್ಷನಳಿಗೂ ಅರ್ಧಕ್ಕೇ ಸಾಕಾಗಿತ್ತು.

ಮಲಪ್ರಭೆ ಉಕ್ಕಿದ ವರ್ಷ ಅಕ್ರಮ ಸೋದರತ್ತೆಯನ್ನು ಕರೆತರಲು ಹೊಳೆದಂಡೆಯ ಮೆಣಸಗಿಗೆ ಹೋದ. ಅತ್ತೆಯನ್ನು ದಡ ಸೇರಿಸಿ, ಕಟ್ಟಿಹಾಕಿದ್ದ ಎಮ್ಮೆ ಬಿಚ್ಚಿ ಬರುತ್ತೇನೆಂದು ಮತ್ತೆ ನೀರಿಗಿಳಿದ. ಎಮ್ಮೆ ಈಜಿ ಬಂತು. ಅವನು ಬರಲಿಲ್ಲ. ಹೊಳೆ ಇಳಿದ ಮೇಲೂ ದೇಹ ಸಿಗಲಿಲ್ಲ.

ತೀರಿಕೊಂಡವನ ಹೆಸರಿನಲ್ಲಿ ಫಾತಿಹಾ ಓದಿಸೋಣವೆಂದು ಬಂಧುಗಳು ಬಂದಾಗ ಅವನ ತಾಯಿ ಬಿಸ್ಮಿಲ್ಲಾ ಅವರನ್ನೇ ಕೇಳಿದಳು: “ಮಣ್ಣ ಕೊಟ್ಟಿಲ್ಲ. ಫಾತಿಹಾ ಯಾರಿಗಂತ ಓದಸ್ಲಿ?”

ಅಲ್ಲಿಂದ ಮುಂದೆ ಗೋಡೆಗೆ ಬಣ್ಣ ಬಳಿಯುವುದಿರಲಿ, ಗುಲ್ಷನಳಿಗೆ ಬಂದ ಸಂಬಂಧವಿರಲಿ, ಎಲ್ಲದಕ್ಕೂ ತಾಯಿಯದು ಒಂದೇ ಉತ್ತರ: ಅಂವ ಬರ್ಲಿ. ಗುಲ್ಷನ ಪ್ರತಿ ವರ್ಷ ತಾಯಿಯೊಡನೆ ಜಗಳಾಡಿದಳು. ಸತ್ತವನನ್ನು ಸತ್ತನೆಂದು ಒಪ್ಪಿದರೆ ತಾನೆ ಇದ್ದವರ ಬದುಕು ಮುಂದೆ ಸಾಗುವುದು ಎಂಬುದು ಅವಳ ಮಾತು.

ಹೋದ ವರ್ಷ ರೋಣದಿಂದ ಪೂಜಾ ಎಂಬ ಹುಡುಗಿ ಅಂಗಡಿಗೆ ಬಂದಳು. ಆಟಗಳ ಬಗ್ಗೆ ಕನ್ನಡದಲ್ಲಿ ವಿಡಿಯೋ ಮಾಡುವವಳು. ಬೂದಿದಾರಿಯನ್ನು ಈಗ ಜನ ಹುಡುಕಿಕೊಂಡು ಆಡುತ್ತಿದ್ದಾರೆ, ಹಿಂದೆ ಬರುವ ಆ ಸತ್ತವರೇ ಅದರ ಜೀವಾಳವೆಂದು ಹೊಗಳುತ್ತಿದ್ದಾರೆ ಎಂದಳು. ಅಂದು ಆಡಿದವರು ಇಂದು ಮತ್ತೆ ಆಡಿ ಹೇಗಿದೆಯೆಂದು ತನ್ನ ವಿಡಿಯೋದಲ್ಲಿ ಹೇಳಬೇಕೆಂಬುದು ಅವಳ ಆಸೆ. ಗುಲ್ಷನ ಮೊದಲು ಒಲ್ಲೆನೆಂದಳು. ಆಮೇಲೆ ಒಂದು ರವಿವಾರ ಮಧ್ಯಾಹ್ನ ಶಟರ್ ಅರ್ಧ ಎಳೆದು ಆಟ ಹಾಕಿಕೊಂಡು ಕೂತಳು.

ಜೊತೆಗಾರನ ಹೆಸರು ಕೇಳಿದಾಗ, ಯೋಚಿಸುವ ಮೊದಲೇ ಬೆರಳುಗಳು ‘ಅಕ್ರಮ’ ಎಂದು ಬರೆದವು. ಮುರಿದ ಸೇತುವೆಯ ಬಳಿ ಅವನು ಸತ್ತ. ಸ್ವಲ್ಪ ದೂರ ನಡೆದು ತಿರುಗಿದಳು. ಬರುತ್ತಿದ್ದ. ಇವಳು ನಿಂತರೆ ಅವನೂ ನಿಲ್ಲುತ್ತಿದ್ದ. ಅಂದು ಬೇಸರ ತರಿಸಿದ್ದ ಆ ನೆರಳನ್ನು ಈಗ ಹೆಜ್ಜೆ ಹೆಜ್ಜೆಗೂ ತಿರುಗಿ ನೋಡಿದಳು. ಆಟವನ್ನು ಮುಂದಕ್ಕೆ ಒಯ್ಯದೆ, ಬೇಕಾಗಿರದ ದಾರಿಗಳಲ್ಲೆಲ್ಲ ಅವನನ್ನು ಸುತ್ತಾಡಿಸಿದಳು.

ಪೂಜಾ ಮತ್ತೆ ಬಂದಾಗ ಗುಟ್ಟು ಹೇಳಿದಳು. “ಅಕ್ಕಾರ, ಬೆಂಕಿ ಹಚ್ಚಿ ಕುಂತ್ರ ಅಂವ ಹತ್ರ ಬಂದು ಕುಂದರ್ತಾನ್ರಿ. ಒಂದೆರಡ ಮಾತ ಆಡ್ತಾನ. ಬೆಳಗಾದ್ರ ಇರಂಗಿಲ್ಲ. ಅವಾಗನ ಮುಂದಿನ ದಾರಿ ತೆರೀತೈತ್ರಿ.”

ಗುಲ್ಷನ ಆಟದೊಳಗೆ ಕಟ್ಟಿಗೆ ಒಟ್ಟಿದಳು. ಕರಕಲು ಮರದ ಪಕ್ಕ ಅಕ್ರಮ ನಿಂತಿದ್ದ. ಅವನೇನು ಹೇಳಬಹುದೆಂದು ಕೇಳುವ ಆಸೆಯಾಯಿತು. ಬೆಂಕಿ ಹಚ್ಚಲು ಮೌಸಿನ ಮೇಲಿಟ್ಟ ಬೆರಳು ಮಾತ್ರ ಒತ್ತಲಿಲ್ಲ. ಅವಳು ಕೈ ತೆಗೆದಳು.

ಹಾಗಾದರೆ ವಿಡಿಯೋದಲ್ಲಿ ಏನು ಹೇಳುತ್ತೀರೆಂದು ಪೂಜಾ ಮೆಲ್ಲಗೆ ಕೇಳಿದಳು.

“ಆಟ ಚಲೋ ಐತಿ. ಆವಾಗ ನಮಗ ತಿಳೀಲಿಲ್ಲ. ಆವಾಗ ನಮ್ಮ ಪೈಕಿ ಯಾರೂ ನಮ್ಮನ್ನ ಬಿಟ್ಟ ಹೋಗಿರ್ಲಿಲ್ಲ. ಆದ್ರ ಅದನ್ನ ಮುಗಸಬೇಕಂತ ಯಾರಿಗೂ ಹೇಳಬ್ಯಾಡವಾ.”

ಮಳೆಗಾಲದಲ್ಲಿ ಬಂಧುಗಳು ಮತ್ತೆ ಫಾತಿಹಾದ ಮಾತೆತ್ತಿದರು. ಈ ಸಲ ಗುಲ್ಷನ ತಾಯಿಯ ಪಕ್ಕಕ್ಕೆ ಹೋಗಿ ಕೂತಳು; ಸದ್ಯ ಬೇಡ ಎಂದು ತಾನೇ ಹೇಳಿ, ಚಹಾ ಕೊಟ್ಟು ಕಳಿಸಿದಳು.

ಅವರು ಹೋದ ಮೇಲೆ ಬಿಸ್ಮಿಲ್ಲಾ ಮಗಳ ಕಡೆ ತಿರುಗಿದಳು.

“ನಿನಗೂ ಕಾಣಾಕ ಹತ್ತ್ಯಾನೇನು?”

ಗುಲ್ಷನ ಹೌದೆಂದು ತಲೆಯಾಡಿಸಿದಳು.

“ಹತ್ರ ಬರ್ತಾನ?”

“ಇಲ್ಲಮ್ಮಾ. ದೂರನ ನಿಂತಿರ್ತಾನ.”

“ನನಗೂ ಹಂಗ,” ಎಂದು ಬಿಸ್ಮಿಲ್ಲಾ ಖಾಲಿ ಕಪ್ಪುಗಳನ್ನು ಒಂದರೊಳಗೊಂದಿಟ್ಟು ಒಳಗೆ ಒಯ್ದಳು.