ಅರಬ್ಬಿ ಸಮುದ್ರದಾಗ ಒಂದು ಚಟ್ನಿ ದ್ವೀಪ

ಹೋದ ವಾರ ಅರಬ್ಬಿ ಸಮುದ್ರದಾಗ ನಾ ಒಂದು ಹೊಸಾ ದ್ವೀಪ ಹುಟ್ಟಿಸಿದೆ. ಸಾಲಿ ಹುಡುಗೂರು ಮನ್ಯಾಗ ಬರಕೊಂಡು ಬಂದ ನಕಾಶೆ ತಪಾಸ ಮಾಡ್ಲಿಕ್ಕೆ ಕೂತಿದ್ದೆ. ಒಂದು ಕೈಯಾಗ ಕೆಂಪು ಶಾಯಿ ಟಾಕು, ಇನ್ನೊಂದು ಕೈಯಾಗ ಎಣ್ಣಿ ಕಲಸಿದ ಗುರೆಳ್ಳು ಚಟ್ನಿ ಹಚ್ಚಿದ ರೊಟ್ಟಿ. ಒಬ್ಬ ಹುಡುಗನ ನಕಾಶೆಯೊಳಗ ರತ್ನಾಗಿರಿ ಎದುರಿಗೆ ನಡು ಸಮುದ್ರದಾಗ ಲಂಕಾದಷ್ಟು ದೊಡ್ಡದೊಂದು ದ್ವೀಪ ಕಂಡಿತು. ಸಿಟ್ಟು ಬಂತು. ಅದರ ಸುತ್ತ ಕೆಂಪು ಗೆರಿ ಎಳದು, ‘ಇದನ್ನ ಎಲ್ಲಿಂದ ತಂದಿ?’ ಅಂತ ಬರದು ಮಾರ್ಕು ಕಡದೆ. ಮರುದಿನ ಹುಡುಗ ಕಾಗದ ಮೂಗಿಗೆ ಹಿಡಕೊಂಡು ಎದ್ದು ನಿಂತ.

‘ಸರ, ಈ ದ್ವೀಪ ಚಟ್ನಿ ವಾಸನಿ ಹೊಡೀತದ್ರಿ’ ಅಂದ.

ನಾ ಇಸಕೊಂಡು ಮೂಸಿ ನೋಡಿದೆ. ದ್ವೀಪ ನಂದ ಇತ್ತು. ಮಾರ್ಕು ತಿರುಗಿ ಕೊಟ್ಟೆ.

ಆ ವಾಸನಿಗೆ ನನ್ನ ಭೂಗೋಳದ ಮಾಸ್ತರು ನೆನಪಾದ್ರು. ಅವರೂ ಇದ ಚಟ್ನಿ ತಿಂದವರು. ಆದ್ರ ಅವರು ತಿನ್ನೂ ಹೊತ್ತಿಗೆ ತಿಂತಿದ್ರು, ತಪಾಸ ಮಾಡೂ ಹೊತ್ತಿಗೆ ತಪಾಸ ಮಾಡ್ತಿದ್ರು.

ಆಗ ನಾವು ಶನಿವಾರ ಪೇಟೆಯ ಒಂದು ವಾಡೆದಾಗ ಇದ್ವಿ. ಅಪ್ಪಗ ರೇಲ್ವೆ ಪಾರ್ಸಲ್ ಆಫೀಸಿನ ನೌಕರಿ ಸಿಕ್ಕು ಧಾರವಾಡ ಬಿಟ್ಟು ಪುಣೇಕ್ಕ ಬಂದಿದ್ವಿ. ಅವ್ವ ಮೊದಲ ತೀರಿಕೊಂಡಿದ್ಲು, ನನ್ನ ಸಾಕಿದಾಕಿ ಅಜ್ಜಿ. ಸುತ್ತಲಿನ ಬಿಡಾರದವರೆಲ್ಲಾ ಮರಾಠಿ ಮಂದಿ. ಅಜ್ಜಿಗೆ ಮರಾಠಿಯೊಳಗ ಬರ್ತಿದ್ದುದು ‘ನಕೊ’ ಮತ್ತ ‘ಬರಂ’ ಅಷ್ಟ. ಬ್ಯಾಡ ಅನ್ಲಿಕ್ಕೆ ಒಂದು, ಆತು ಅನ್ಲಿಕ್ಕೆ ಒಂದು. ಈ ಎರಡರ ಮ್ಯಾಲ ಇಡೀ ಕಾಯಿಪಲ್ಯಾ ಮಂಡಿ ಆಳಿ ಬರ್ತಿದ್ಲು. ಮಾತಾಡ್ಲಿಕ್ಕೆ ಮಾತ್ರ ಯಾರೂ ಇರಲಿಲ್ಲ. ಅಪ್ಪ ಮನ್ಯಾಗ ಬಾಯಿ ತಗೀತಿದ್ದುದು ಊಟಕ್ಕ ಮತ್ತ ನನ್ನ ಬೈಲಿಕ್ಕೆ.

ಬೈಲಿಕ್ಕೆ ಕಾರಣ ಇತ್ತು. ಹಿಂದಿನ ವರ್ಷ ಭೂಗೋಳದಾಗ ಬಿದ್ದು ಅದ ವರ್ಗದಾಗ ಕೂತಿದ್ದೆ. ಪರೀಕ್ಷಾದಾಗ ಗಂಗಾ ನದೀನ್ನ ರಾಜಸ್ಥಾನದ ಮರಳಿನೊಳಗ ಹರಿಸಿದ್ದೆ. ಅಲ್ಲಿನ ಮಂದಿಗೆ ನೀರಿಲ್ಲ ಅಂತ ಕನಿಕರ ಬಂದಿತ್ತು.

‘ಈ ಸಲಾನೂ ಬಿದ್ದಿ ಅಂದ್ರ ಸಾಲಿ ಮುಗೀತು. ಹುಬ್ಬಳ್ಳಿಗೆ ಹೋಗಿ ನಿಮ್ಮ ಮಾವನ ಅಡತಿ ಅಂಗಡಿಯೊಳಗ ಹತ್ತಿ ಅಂಡಿಗಿ ಹೊರು. ಅಲ್ಲೆ ಭೂಗೋಳ ಕೇಳೋರಿಲ್ಲ’ ಅಂದಿದ್ದ ಅಪ್ಪ. ಅಪ್ಪ ಆಡಿದ ಮಾತು ಮಾಡೋ ಪೈಕಿ. ಮಾವ ಅಂತೂ ಕಾಗದ ಬರದು, ಹುಡುಗ ಯಾವಾಗ ಬರ್ತಾನ ಅಂತ ಕೇಳಿ ಆಗಿತ್ತು.

ಮಾಸ್ತರು ಬಡಕ ಮನಷ್ಯಾ. ಕೆಂಪು ಪಗಡಿ, ಹೆಗಲ ಮ್ಯಾಲ ಉಪರಣಿ, ಮಳಿ ಇರಲಿ ಬಿಡ್ಲಿ ಬಗಲಾಗ ಛತ್ರಿ. ಬ್ಯಾರೆ ಮಾಸ್ತರು ಮನಿ ಅಭ್ಯಾಸ ಅಂತ ಹತ್ತು ಸಲ ಬರೀಲಿಕ್ಕೆ ಹೇಳ್ತಿದ್ರು, ಇವರದು ಬ್ಯಾರೇನ ಪದ್ಧತಿ. ‘ಬರಿಯೂದು ಬ್ಯಾಡ. ನಿಮ್ಮ ಮನ್ಯಾಗ ಸಾಲಿಗೆ ಹೋಗಲಾರದವರು ಒಬ್ಬರಿಗೆ ಪಾಠಾ ಕಲಸ್ರಿ. ರವಿವಾರ ನಾ ಬಂದು ಅವರನ್ನ ಕೇಳ್ತೀನಿ’ ಅಂತಿದ್ರು. ಖರೇನ ಬರ್ತಿದ್ರು. ಶಾಣ್ಯಾ ಹುಡುಗೂರ ಮನಿಗೆ ಎಂದಾದ್ರೊಮ್ಮೆ, ದಡ್ಡರ ಮನಿಗೆ ಪ್ರತಿ ರವಿವಾರ. ನಮ್ಮ ಮನಿ ಅವರಿಗೆ ಕಾಯಂ ಆತು.

ನಮ್ಮಲ್ಲೆ ಸಾಲಿಗೆ ಹೋಗಲಾರದಾಕಿ ಅಂದ್ರ ಅಜ್ಜಿ. ನಾ ಆಕಿಗೆ ಏನೂ ಕಲಸಲಿಲ್ಲ. ನನ್ನ ಹಿಕಮತ್ತು ಬ್ಯಾರೆ ಇತ್ತು. ಮಾಸ್ತರಿಗೆ ಕನ್ನಡ ಬರಂಗಿಲ್ಲ, ಅಜ್ಜಿಗೆ ಮರಾಠಿ ಬರಂಗಿಲ್ಲ, ನಡುವಿನ ದುಭಾಷಿ ನಾ. ರಾಜ್ಯಾನ ನನ್ನ ಕೈಯಾಗ ಇದ್ದಂಗ.

ಮೊದಲನೇ ರವಿವಾರ ಮಾಸ್ತರು ಕಟ್ಟಿ ಮ್ಯಾಲ ಕೂತು, ಮಳಿಗಾಲದ ಮೋಡ ಎಲ್ಲಿಂದ ಬರ್ತಾವ, ಎಲ್ಲಿ ನಿಲ್ತಾವ ಅಂತ ಆಜೀಬಾಯಿಗೆ ಕೇಳು ಅಂದ್ರು.

ನಾ ಅಜ್ಜಿಗೆ, ‘ಹೆಂಗಿದ್ದೀರಿ ಅಂತ ಕೇಳ್ಲಿಕ್ಹತ್ಯಾರ’ ಅಂದೆ.

‘ಏನು ಹೇಳ್ಲಪಾ… ಮಂಡಿ ಹಿಡಕೊಂಡಾವ. ಈ ಪುಣೇದ ಪಾವಟಿಗಿ ಹತ್ತಲಿಕ್ಕೆ ಆಗವಲ್ದು. ಅರ್ಧಾ ಹತ್ತಿ ಅಲ್ಲೇ ಕೂತು ಬಿಡ್ತೀನಿ’ ಅಂದ್ಲು ಅಜ್ಜಿ.

ನಾ ಮಾಸ್ತರ ಕಡೆ ತಿರುಗಿ ಮರಾಠಿಯೊಳಗ ಹೇಳಿದೆ. ‘ಮೋಡ ಸಮುದ್ರದಿಂದ ಬರ್ತಾವ, ಸಹ್ಯಾದ್ರಿ ಹತ್ತಲಾರದ ಅಲ್ಲೇ ನಿಲ್ತಾವ ಅಂತಾಳ್ರಿ.’

ಮಾಸ್ತರು ಉಪರಣಿ ಬಾಯಿಗೆ ಹಿಡಕೊಂಡು ಕೆಮ್ಮಿದ್ರು. ಭಾಳ ಹೊತ್ತು ಕೆಮ್ಮಿದ್ರು. ಪಾಪ, ಎದಿ ಬ್ಯಾನಿ ಇರಬೇಕು ಅನಕೊಂಡೆ.

‘ಬರಂ. ಹಂಗಾದ್ರ ಮಹಾಬಳೇಶ್ವರಕ್ಕ ಅಷ್ಟು ಮಳಿ, ಪುಣೇಕ್ಕ ಇಷ್ಟ ಯಾಕ ಕೇಳು’ ಅಂದ್ರು.

‘ಬಿಸಿಲಾಗ ಬಂದಾರ, ಮಜ್ಜಿಗಿ ಕುಡೀತಾರೇನು ಕೇಳು’ ಅಂದ್ಲು ಅಜ್ಜಿ.

ಮಜ್ಜಿಗೀನ್ನ ಮಹಾಬಳೇಶ್ವರ ಹತ್ತಸಲಿಕ್ಕೆ ನನ್ನ ಕೈಲಿಂದ ಆಗಲಿಲ್ಲ, ಯಾಕಂದ್ರ ಉತ್ತರ ನನಗ ಗೊತ್ತಿರಲಿಲ್ಲ. ‘ಇದನ್ನ ಮುಂದಿನ ರವಿವಾರ ಹೇಳ್ತಾಳಂತ್ರಿ’ ಅಂದೆ.

‘ಅವಶ್ಯ’ ಅಂದ್ರು ಮಾಸ್ತರು, ಭಾಳ ಮರ್ಯಾದಿಯಿಂದ.

ಅಲ್ಲಿಂದ ನನ್ನ ವನವಾಸ ಸುರು ಆತು. ಅಜ್ಜಿ ಏನರೆ ಅನ್ಲಿ, ಮರಾಠಿಯೊಳಗ ಹೇಳ್ಲಿಕ್ಕೆ ನನ್ನ ಹತ್ರ ಉತ್ತರ ತಯಾರ ಇರಬೇಕು. ಮಾಸ್ತರು ಅಡ್ಡ ಪ್ರಶ್ನಿ ಕೇಳೋ ಪೈಕಿ, ಅದಕ್ಕ ಮುಂದಿನ ಪಾಠಾನೂ ಓದಿ ಇಟ್ಟುಕೋಬೇಕು. ಗೆಳೆಯಾರು ನದಿಗೆ ಈಸಲಿಕ್ಕೆ ಹೋದ್ರ, ನಾ ಮಾಳಿಗಿ ಮ್ಯಾಲ ಕೂತು ಮಾಸ್ತರಿಗೆ ಮೋಸ ಮಾಡೋ ಸಲುವಾಗಿ ಭೂಗೋಳ ಬಾಯಿಪಾಠ ಮಾಡ್ತಿದ್ದೆ. ಅಜ್ಜಿಗೆ ಕಲಸಿದ್ರ ಇದರ ಕಾಲು ಭಾಗ ಕಷ್ಟ ಇರ್ತಿದ್ದಿಲ್ಲ ಅನ್ನೋದು ನನ್ನ ತಲಿಗೆ ಹೊಳೀಲೇ ಇಲ್ಲ.

ಅಜ್ಜಿ ಬಾಜೂ ಬಿಡಾರದ ಸೊಸಿ ಮ್ಯಾಲ ಚಾಡಿ ಹೇಳಿದ್ರ ನಾ ಅದನ್ನ ಕಪ್ಪು ಮಣ್ಣಿನ ಗುಣ ಮಾಡ್ತಿದ್ದೆ. ಆಕಿ ಹಲ್ಲುಬ್ಯಾನಿ ನನ್ನ ಬಾಯಾಗ ಖೈಬರ್ ಘಾಟ ಆಗ್ತಿತ್ತು. ಒಮ್ಮೊಮ್ಮೆ ನಾ ಭಾಷಾಂತರ ಮಾಡೋಕ್ಕಿಂತ ಮೊದಲ ಮಾಸ್ತರು ನಗತಿದ್ರು. ‘ತಗೋರಿ’ ಅಂತ ಅಜ್ಜಿ ಚಟ್ನಿ ಪೊಟ್ಟಣಾ ಮುಂದ ಹಿಡದ್ರ, ನಾ ಬಾಯಿ ತಗಿಯೂದರಾಗ ಅವರ ಕೈ ಮುಂದ ಬಂದಿರ್ತಿತ್ತು. ತಿನ್ನೋದಕ್ಕ ಭಾಷಾ ಯಾಕ ಬೇಕು ಅನಕೊಂಡು ನಾ ಸುಮ್ಮನಾಗ್ತಿದ್ದೆ. ನಡುವ ಒಮ್ಮೆ ಅಜ್ಜಿ, ‘ಕೊಡದಾಗಿನ ನೀರು ಬ್ಯಾಡ, ಹಿತ್ತಲ ಬಾವಿಗೆ ಹೋಗಿ ತಣ್ಣಂದು ಸೇದಿಕೊಂಡು ಬಾ’ ಅಂತ ನನ್ನ ಕಳಸ್ತಿದ್ಲು. ನಾ ಬರೋತನಾ ಇಬ್ಬರೂ ಮೂಕರಂಗ ಕೂತಿರ್ತಾರ ಅಂತ ಕನಿಕರಪಟ್ಟು ಓಡಿ ಬರ್ತಿದ್ದೆ. ನೀರು ಅರ್ಧಾ ಅಂಗಿ ಮ್ಯಾಲ.

ಆ ವರ್ಷದ ಪರೀಕ್ಷಾದಾಗ ಮಹಾಬಳೇಶ್ವರದ ಮಳೀನ ಕೇಳಿದ್ರು. ನಾ ಪಾಸಾದೆ, ಗಂಗಾನ್ನೂ ಆಕಿ ಜಾಗಾಕ್ಕ ಮುಟ್ಟಿಸಿದೆ. ಅಪ್ಪ ಮಾವಗ ಕಾಗದ ಹಾಕಿ, ಹುಡುಗ ಬರಂಗಿಲ್ಲ ಅಂತ ತಿಳಿಸಿದ. ಮಾಸ್ತರು ಮಾತ್ರ ರವಿವಾರ ಬರೋದು ಬಿಡಲಿಲ್ಲ. ನಾ ಇನ್ನೂ ದಡ್ಡ ಇದ್ದೀನಿ ಅಂತ ತಿಳಕೊಂಡೆ… ಅದರಾಗೇನೂ ಸುಳ್ಳಿರಲಿಲ್ಲ. ಮುಂದ ಅವರು ಪೆನ್ಶನ್ ತಗೊಂಡು ಕೊಂಕಣದ ತಮ್ಮ ಹಳ್ಳಿಗೆ ಹೋದ್ರು. ಮಹಾಯುದ್ಧದ ದಿನದಾಗ ಅಲ್ಲೇ ತೀರಿಕೊಂಡ್ರು ಅಂತ ಹಳೇ ಗೆಳೆಯಾ ಒಬ್ಬ ದಾರ್ಯಾಗ ಭೆಟ್ಟಿ ಆದಾಗ ಹೇಳಿದ. ಮನಿಗೆ ಬಂದು ಅಜ್ಜಿಗೆ ಹೇಳಿದೆ. ಆಕಿ ಅವತ್ತ ಒಲಿ ಮುಂದಿಂದ ಏಳಲಿಲ್ಲ. ವಯಸ್ಸಾಗ್ಯದ, ಮಂಡಿ ಬ್ಯಾನಿ ಅನಕೊಂಡೆ.

ಈಗ ಹೋದ ವಾರ ದ್ವೀಪದ ಕಥಿ ಅಜ್ಜಿಗೆ ಹೇಳಿದೆ. ಹಲ್ಲಿಲ್ಲದ ಬಾಯಿಲೆ ನಕ್ಕು ನಕ್ಕು ಕಣ್ಣಾಗ ನೀರು ತಂದುಕೊಂಡ್ಲು.

‘ಇದನ್ನ ಮಾಸ್ತರಿಗೆ ಹೇಳಬೇಕಾಗಿತ್ತು ನೋಡು’ ಅಂದ್ಲು.

‘ಹೌದು, ಇದನ್ನರೆ ನಾ ಅವರಿಗೆ ಖರೇ ಖರೇ ಭಾಷಾಂತರ ಮಾಡಿ ಹೇಳ್ತಿದ್ದೆ’ ಅಂದೆ.

‘ನೀ ಯಾಕ? ನಾನ ಹೇಳ್ತಿದ್ದೆ. ಅವರ ತಾಯಿ ತವರು ಬೆಳಗಾವಿ. ಸಣ್ಣವ್ರಿದ್ದಾಗ ಅಲ್ಲೇ ಅಜ್ಜಿ ಹತ್ರನ ಬೆಳದವ್ರು, ನನಗಿಂತ ಚೆಂದ ಕನ್ನಡ ಮಾತಾಡ್ತಿದ್ರು. ಮೊದಲನೇ ದಿನಾ ನೀ ಬಾವಿಗೆ ಹೋದಿ ನೋಡು, ಮೆಲ್ಲಕ ಕೇಳಿದ್ರು… ಅಜ್ಜೀರ, ಮಂಡಿಗೆ ಎಳ್ಳೆಣ್ಣಿ ಹಚ್ಚಿ ನೋಡೀರೇನ್ರಿ, ಅಂತ.’

ನಾ ರೊಟ್ಟಿ ಕೆಳಗ ಇಟ್ಟೆ. ಹಲ್ಲುಬ್ಯಾನಿ, ಬಾಜೂ ಮನಿ ಸೊಸಿ, ಖೈಬರ್ ಘಾಟ, ಎಲ್ಲಾ ಸಾಲುಗಟ್ಟಿ ಕಣ್ಣ ಮುಂದ ಬಂದು ಹೋದ್ವು.

‘ಮತ್ತ ನನಗ್ಯಾಕ ಹೇಳಲಿಲ್ಲ?’

‘ಅವರ ಬ್ಯಾಡ ಅಂದಿದ್ರು. ಸುಳ್ಳು ಬರೋಬ್ಬರಿ ಹೇಳಬೇಕಂದ್ರ ಅಂವಾ ಖರೇ ಏನದ ಅಂತ ಓದಲಿಕ್ಕ ಬೇಕು, ಓದ್ಲಿ ಬಿಡ್ರಿ ಅಂದ್ರು.’

‘ಅಲ್ಲಬೇ, ನಾ ಪಾಸಾದ ಮ್ಯಾಲರೆ ಹೇಳಬೇಕಿಲ್ಲೋ?’

ಅಜ್ಜಿ ಗುರೆಳ್ಳು ಹುರೀತಿದ್ದ ಬಾಣಲಿ ಒಲಿಯಿಂದ ಇಳಿಸಿದ್ಲು. ಆಮ್ಯಾಲ ಅಂದ್ಲು.

‘ಹೇಳಿದ್ರ ನಿನ್ನ ಅಭ್ಯಾಸ ಮುಗೀತು ಅಂತ ಅವರು ಬರೋದು ಬಿಡ್ತಿದ್ರೋ ಏನೋ… ನಿನ್ನ ಬಾವಿಗೆ ಕಳಸ್ತಿದ್ದೆನಲ್ಲಾ, ನನಗೇನು ನೀರಡಿಕಿ ಇರ್ತಿದ್ದಿಲ್ಲಪಾ. ಅಷ್ಟೊತ್ತರೆ ಈ ಊರಾಗ ಒಬ್ಬರು, ನಾ ಅಂದದ್ದನ್ನ ಅಂದಂಗ ಕೇಳ್ತಿದ್ರು.’